ಹವಾಮಾನ ಬದಲಾವಣೆಗೆ ನಿಜಕ್ಕೂ ಇಷ್ಟು ಅರ್ಜೆಂಟ್ ಇದೆಯಾ? ಮನೆ ಕಟ್ಟಿಸುವವನ ಪ್ರಶ್ನೆ

ಗಿರಿನಗರ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಕನಕಪುರ ರಸ್ತೆ ಕಡೆ ಒಂದು 30-40 ಸೈಟಿದೆ. ಆಷಾಢ ಕಳೆದ ಮೇಲೆ ಮನೆ ಶುರು ಮಾಡೋಣ ಅಂತ ಇದ್ದೇವೆ. ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗಿ, 2030ರೊಳಗೆ ಏನಾದರೂ ಮಾಡದಿದ್ದರೆ ಕಥೆ ಮುಗೀತು, ನೀವು ನೋಡಿದರೆ ಎ.ಸಿ. ಪಾಯಿಂಟ್ ಎಷ್ಟು ಬೇಕು ಅಂತ ಲೆಕ್ಕ ಹಾಕ್ತಿದ್ದೀರಿ ಅಂತ ದಿನಾ ಬೈಯುತ್ತಾಳೆ. ಮನೆಯಲ್ಲಿ ಅಪ್ಪ ಇದಕ್ಕೆ ಪೂರ್ತಿ ಉಲ್ಟಾ. ನಾವು ನೋಡದ ಬರಗಾಲವಾ, ನಾವು ನೋಡದ ಮಳೆಯಾ, ಸುಮ್ನೆ ಹೆದರಿಸ್ತಾರೆ ಅನ್ನುತ್ತಾರೆ.

ನನಗೆ ಅರ್ಥವಾಗದೇ ಇರೋದು ಏನಂದ್ರೆ, ಬೆಂಗಳೂರಿನ ಕಷ್ಟಗಳೆಲ್ಲ ನಾವೇ ಕೈಯಾರೆ ಮಾಡಿಕೊಂಡಿದ್ದು ಅಲ್ವಾ? ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಸ್ಟೇಡಿಯಂ ಇದೆ. ರಾಜಕಾಲುವೆ ಒತ್ತಿ ಬಿಲ್ಡಿಂಗ್ ಎಬ್ಬಿಸಿದರೆ ನೀರು ರಸ್ತೆಗೆ ಬಾರದೆ ಇನ್ನೆಲ್ಲಿಗೆ ಹೋಗುತ್ತೆ? ಬೋರ್‌ವೆಲ್ ಬತ್ತಿದ್ದು ಸಿಕ್ಕಸಿಕ್ಕಲ್ಲಿ ಕೊರೆದಿದ್ದಕ್ಕೆ. ಸೆಕೆ ಆಗ್ತಿರೋದು ಮರ ಕಡಿದಿದ್ದಕ್ಕೆ. ಇದರಲ್ಲಿ ಕಾರ್ಬನ್ ಎಲ್ಲಿ ಬಂತು?

ಇನ್ನೊಂದು ವಿಷಯ. ಭಾರತದಲ್ಲಿ ತಲಾ ಕಾರ್ಬನ್ ಡೈಆಕ್ಸೈಡ್ ವರ್ಷಕ್ಕೆ 2 ಟನ್ ಆಸುಪಾಸು. ಅಮೆರಿಕದ್ದು 14 ಟನ್ ಆಸುಪಾಸು. ನಮ್ಮ ದೇಶವೇ 2021ರಲ್ಲಿ ಗ್ಲಾಸ್ಗೋ ಸಭೆಯಲ್ಲಿ 2070ಕ್ಕೆ ನೆಟ್ ಝೀರೋ, ಅಂದರೆ ಬಿಟ್ಟಷ್ಟು ಕಾರ್ಬನ್ ವಾಪಸ್ ಹೀರಿಸಿ ಲೆಕ್ಕ ಸೊನ್ನೆ ಮಾಡ್ತೀವಿ ಅಂತ ಹೇಳಿ ಬಂದಿದೆ. ಹಾಗಿರುವಾಗ ನನ್ನೊಬ್ಬನಿಗೆ ಏನು ಅವಸರ? ವಾದ ಮಾಡೋಕೆ ಕೇಳ್ತಿಲ್ಲ, ನಿಜವಾಗಿ ಕೇಳ್ತಿದ್ದೇನೆ. ಮನೆಗೆ ಇರೋ ದುಡ್ಡು ಲೆಕ್ಕದ್ದು. ಇದಕ್ಕೆ ಅಂತ ಖರ್ಚು ಮಾಡಬೇಕಾದರೆ ಮೊದಲು ಯಾವುದಕ್ಕೆ ಮಾಡಲಿ?

ಆರಿದ್ರಾ

ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧ ಸರಿ. 2030ರ ಡಿಸೆಂಬರ್ 31ಕ್ಕೆ ಪ್ರಳಯ ಅಂತ ಯಾವ ವಿಜ್ಞಾನಿಯೂ ಹೇಳಿಲ್ಲ. ಆ ಇಸವಿ ಬಂದಿದ್ದು ಐಪಿಸಿಸಿ, ಅಂದರೆ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯ ಲೆಕ್ಕದಿಂದ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಇದ್ದದ್ದಕ್ಕೆ ಹೋಲಿಸಿ ಭೂಮಿಯ ಬಿಸಿ ಏರಿಕೆಯನ್ನು 1.5 ಡಿಗ್ರಿ ಹತ್ತಿರ ತಡೆಯಬೇಕು ಅಂದರೆ 2019ರಲ್ಲಿ ಪ್ರಪಂಚ ಬಿಟ್ಟಿದ್ದ ಹಸಿರುಮನೆ ಅನಿಲಕ್ಕಿಂತ 2030ರಲ್ಲಿ ಶೇ 43ರಷ್ಟು ಕಡಿಮೆ ಬಿಡಬೇಕು ಅಂತ ಅವರು ಹೇಳಿದ್ದು. ಇವತ್ತಿನ ಸ್ಥಿತಿ ನೋಡಿದರೆ ಅದು ಆಗೋ ಮಾತಲ್ಲ ಅಂತ ನನ್ನ ಅಭಿಪ್ರಾಯ. 2024ನೇ ವರ್ಷವೇ 1.5 ದಾಟಿ ಹೋಯಿತು, ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ 1.55 ಡಿಗ್ರಿ. ಒಂದು ವರ್ಷ ದಾಟಿದ ಮಾತ್ರಕ್ಕೆ ಗುರಿ ತಪ್ಪಿತು ಅಂತ ಲೆಕ್ಕಕ್ಕೆ ತಗೊಳ್ಳಲ್ಲ, ಸುಮಾರು 20 ವರ್ಷದ ಸರಾಸರಿ ನೋಡ್ತಾರೆ. ಆದರೂ ಗಾಡಿ ಯಾವ ಕಡೆ ಹೋಗ್ತಿದೆ ಅಂತ ಗೊತ್ತಾಗುತ್ತಲ್ಲ.

ಹಾಗಾದರೆ ಅವಸರ ಯಾಕೆ? ಕಾರ್ಬನ್ ಡೈಆಕ್ಸೈಡ್ ಬಿಟ್ಟಮೇಲೆ ಹೋಗಲ್ಲ, ಅದಕ್ಕೆ. 2020ರ ಲಾಕ್‌ಡೌನ್ ನೆನಪಿದೆಯಾ? ಧೂಳು, ಹೊಗೆ ನಿಂತು ಕೆಲವೇ ದಿನದಲ್ಲಿ ಆಕಾಶ ತಿಳಿಯಾಯ್ತು. ಆದರೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಮಾತ್ರ ಆ ವರ್ಷವೂ ಏರಿತು. ಧೂಳನ್ನು ಮಳೆ ತೊಳೆಯುತ್ತೆ, ಇದನ್ನು ತೊಳೆಯಲ್ಲ. ಇದರ ದೊಡ್ಡ ಪಾಲು ನೂರಾರು ವರ್ಷ ಅಲ್ಲೇ ಇರುತ್ತೆ. ನಿಮ್ಮ ಮನೆ ಸಂಪ್ ತುಂಬುತ್ತಿದೆ ಅಂದುಕೊಳ್ಳಿ. ನಲ್ಲಿ ಸ್ವಲ್ಪ ಸಣ್ಣ ಮಾಡಿದರೆ ಮಟ್ಟ ಇಳಿಯಲ್ಲ, ನಿಧಾನಕ್ಕೆ ಏರುತ್ತೆ ಅಷ್ಟೆ. ಪೂರ್ತಿ ತಿರುಗಿಸಿದಾಗಲೇ ನಿಲ್ಲೋದು.

ಲೆಕ್ಕ ಬೇಕಾದರೆ, 1850ರಿಂದ 2019ರವರೆಗೆ ಮನುಷ್ಯರು ಬಿಟ್ಟಿದ್ದು ಸುಮಾರು 2.4 ಲಕ್ಷ ಕೋಟಿ ಟನ್. 1.5 ಡಿಗ್ರಿಯಲ್ಲಿ ನಿಲ್ಲೋಕೆ ಅರ್ಧಕ್ಕರ್ಧ ಅವಕಾಶ ಇರಬೇಕು ಅಂದರೆ 2020ರಿಂದ ಆಚೆ ಇನ್ನು 50,000 ಕೋಟಿ ಟನ್ ಮಾತ್ರ ಬಿಡಬಹುದು ಅಂತ ಐಪಿಸಿಸಿ ಹೇಳಿತ್ತು. ನಾವು ವರ್ಷಕ್ಕೆ 4,000 ಕೋಟಿ ಟನ್ ಹತ್ತಿರ ಬಿಡ್ತಿದ್ದೇವೆ. ಭಾಗಾಕಾರ ನೀವೇ ಮಾಡಿ. 1.5 ಕೈತಪ್ಪಿದರೂ ಕಥೆ ಮುಗಿಯಲ್ಲ, 1.6 ಆಗೋದಕ್ಕೂ 2 ಆಗೋದಕ್ಕೂ ಬಹಳ ವ್ಯತ್ಯಾಸ ಇದೆ. "ಇನ್ನೇನು ಮುಗೀತು" ಅಂತ ಕೈಚೆಲ್ಲೋರನ್ನು ಕಂಡರೆ ನನಗೆ ಆಗಲ್ಲ. "ಇನ್ನೂ ಟೈಮಿದೆ" ಅನ್ನೋರೂ ಅಷ್ಟೇ, ಇಬ್ಬರೂ ಕೊನೆಗೆ ಮಾಡೋದು ಒಂದೇ, ಏನೂ ಮಾಡಲ್ಲ.

ಕೋಡಿಹಳ್ಳ

"ಎಲ್ಲ ನಾವೇ ಮಾಡಿಕೊಂಡಿದ್ದು" ಅನ್ನೋ ಮಾತಿಗೆ ಬರ್ತೀನಿ. ರಾಜಕಾಲುವೆ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ಇದು ಇಲ್ಲವೇ ಅದು ಅಂತ ಯಾಕೆ ನೋಡಬೇಕು? ಚರಂಡಿ ಕಿರಿದಾಯಿತು, ಅದೇ ಹೊತ್ತಿಗೆ ಮಳೆಯ ಹೊಡೆತ ಜೋರಾಯಿತು. ಎರಡೂ ಸೇರಿದ್ದಕ್ಕೆ ಈ ಗತಿ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡಿದುಕೊಳ್ಳುತ್ತೆ. ಬಿಡುವಾಗ ಒಟ್ಟಿಗೆ ಬಿಡುತ್ತೆ. 2024ನೇ ವರ್ಷವನ್ನೇ ತಗೊಳ್ಳಿ. ಏಪ್ರಿಲ್ ಪೂರ್ತಿ ನಗರದ ಹವಾಮಾನ ಕೇಂದ್ರದಲ್ಲಿ ಮಳೆ ದಾಖಲಾಗಲಿಲ್ಲ, ಏಪ್ರಿಲ್ 28ಕ್ಕೆ 38.5 ಡಿಗ್ರಿ ಬಿಸಿಲು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಆ ಸಲ ಜನ ಮುಖ ಮೇಲೆ ಮಾಡಿಕೊಂಡೇ ಕಾದರು. ಆಮೇಲೆ ಜೂನ್ 2ಕ್ಕೆ ಒಂದೇ ದಿನ 111 ಮಿ.ಮೀ. ಸುರಿಯಿತು. ಜೂನ್‌ನಲ್ಲಿ ಒಂದೇ ದಿನಕ್ಕೆ ಅಷ್ಟು ಮಳೆ 133 ವರ್ಷದಲ್ಲಿ ಆಗಿರಲಿಲ್ಲ, ಹಿಂದಿನ ದಾಖಲೆ 1891ರದ್ದು. ನಿಮ್ಮ ತಂದೆಯವರಿಗೆ ಇದನ್ನು ಹೇಳಿ, ಗೌರವದಿಂದಲೇ ಹೇಳಿ. ಜೂನ್ ತಿಂಗಳಲ್ಲಿ ಅವರು ನೋಡದ ಮಳೆ ಇದು. ಅವರ ತಾತ ಬೇಕಾದರೆ ನೋಡಿರಬಹುದು.

ಇದೊಂದೇ ಮಳೆ ಕಾರ್ಬನ್ನಿಂದಲೇ ಬಂತು ಅಂತ ನಾನು ಹೇಳಲ್ಲ. 1988ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನ 177.6 ಮಿ.ಮೀ. ಬಿದ್ದ ದಾಖಲೆಯೂ ಇದೇ ಊರಿನದ್ದು. 2023ರ ಬರದಲ್ಲಿ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರು ಕುಗ್ಗಿಸೋದು, ಅದರ ಕೈವಾಡವೂ ಇತ್ತು. ಆದರೆ ಇಂಥವು ಹತ್ತಿರ ಹತ್ತಿರ ಬರ್ತಾ ಇವೆ.

2022ರ ಸೆಪ್ಟೆಂಬರ್ ನೆನಪಿದೆಯಾ? ಹೊರವರ್ತುಲ ರಸ್ತೆಯಲ್ಲಿ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೊ ಎಲ್ಲರೂ ನೋಡಿದ್ದಾರೆ. ಅದೇ ಹೊತ್ತಿನಲ್ಲಿ ಮಂಡ್ಯ ಜಿಲ್ಲೆಯ ಟಿ.ಕೆ.ಹಳ್ಳಿಯಲ್ಲಿ ಕಾವೇರಿ ಪಂಪ್‌ಹೌಸ್‌ಗೇ ನೀರು ನುಗ್ಗಿತು, ಪಂಪು ನಿಂತಿತು. ರಸ್ತೆ ತುಂಬ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ! ಅದಾಗಿ ಒಂದೂವರೆ ವರ್ಷಕ್ಕೆ, 2024ರ ಮಾರ್ಚ್‌ನಲ್ಲಿ, ನಗರದ ಸುಮಾರು 7,000 ಬೋರ್‌ವೆಲ್ ಬತ್ತಿದವು ಅಂತ ಸರ್ಕಾರವೇ ಹೇಳಿತು. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು.

ನನಗೆ ನಿಜವಾದ ಭಯ ಇರೋದು ಇಲ್ಲೇ. ಊರಿಗೆ ಊರೇ ಒಂದು ನದಿಯನ್ನು ನಂಬಿಕೊಂಡು ಕೂತಿದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಬಂತು, ದಿನಕ್ಕೆ 77.5 ಕೋಟಿ ಲೀಟರ್ ಜಾಸ್ತಿ. ಒಳ್ಳೇದೇ. ಆದರೆ ಕೊಳವೆ ಹಾಕಿದ ಮಾತ್ರಕ್ಕೆ ಕೊಡಗಿನಲ್ಲಿ ಮಳೆ ಆಗಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಅಂಥದ್ದು ಎರಡು ವರ್ಷ ಸಾಲಾಗಿ ಬಂದರೆ? ಮಂಡ್ಯದ ಭತ್ತದ ಗದ್ದೆಗಾ, ನಮ್ಮ ಫ್ಲಾಟಿನ ಫ್ಲಶ್ಶಿಗಾ ಅಂತ ಜಗಳ ಶುರುವಾಗುತ್ತೆ. ತಮಿಳುನಾಡಿನ ವಿಷಯಕ್ಕೆ ನಾನು ಹೋಗಲ್ಲ, ಥ್ರೆಡ್ ಹಾಳಾಗುತ್ತೆ.

ಸುಮ್ನೆ ಕೇಳ್ದೆ

ಕ್ಷಮಿಸಿ, ನನಗೆ ಈ ಪಾಠ ಕೇಳಿ ಕೇಳಿ ಸಾಕಾಗಿದೆ. ಸಂಪ್ ತುಂಬಿಸಿದವರು ಯಾರು? ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತರಾದವರು. ಈಗ ಇಲ್ಲಿ ಒಬ್ಬ ಸಾಲ ಮಾಡಿ 30-40ರಲ್ಲಿ ಮನೆ ಕಟ್ಟಿಸುವಾಗ ಅವನ ತಲೆ ಮೇಲೆ ಭೂಮಿ ಭಾರ ಹಾಕ್ತೀರಲ್ಲ.

ಇನ್ನೊಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಹವಾಮಾನ ಬದಲಾವಣೆ ಅನ್ನೋದು ಈಗ ಒಳ್ಳೆ ನೆಪ ಆಗಿಬಿಟ್ಟಿದೆ. ಮನೆಗೆ ನೀರು ನುಗ್ಗಿತು ಅಂತ ಕೇಳಿದರೆ "ದಾಖಲೆ ಮಳೆ ಸಾರ್, ನಾವೇನು ಮಾಡೋಕಾಗುತ್ತೆ" ಅಂತಾರೆ. ಚರಂಡಿ ಹೂಳು ಎತ್ತಿದ ಬಿಲ್ ಆಗಿದೆ, ಹೂಳು ಹಾಗೇ ಇದೆ. ಅದಕ್ಕೂ ಅಮೆರಿಕದ ಕಾರ್ಬನ್ನೇ ಕಾರಣವಾ?

ನಗರಕ್ಕೆ ಹವಾಮಾನ ಕ್ರಿಯಾ ಯೋಜನೆ ಅಂತ 2023ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದರು, 2050ಕ್ಕೆ ನೆಟ್ ಝೀರೋ ಅಂತೆ. ಬಹಳ ಸಂತೋಷ. ಇತ್ತ 2025ರ ಫೆಬ್ರವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿ ಆಯ್ತು. ಗಂಡ ಹೆಂಡತಿ ಇಬ್ಬರೂ ಹೋಗೋದಾದರೆ ಸ್ಕೂಟರೇ ಅಗ್ಗ. ಊರಲ್ಲಿ ಗಾಡಿಗಳ ಸಂಖ್ಯೆ ಒಂದು ಕೋಟಿ ದಾಟಿ ಯಾವ ಕಾಲ ಆಯ್ತು. ಯೋಜನೆ ಒಂದು ಕಡೆ, ಜನ ಹೋಗೋದು ಇನ್ನೊಂದು ಕಡೆ.

ಆರಿದ್ರಾ

@ಸುಮ್ನೆ ಕೇಳ್ದೆ, ನಿಮ್ಮ ಕೋಪ ನ್ಯಾಯವೇ. ಹೂಳು ಎತ್ತದೇ ಇರೋದಕ್ಕೆ ಕಾರ್ಬನ್ ಕಾರಣ ಅಲ್ಲ, ಒಪ್ಪಿದೆ. ಆದರೆ ಮಳೆ ಜೋರಾಗುತ್ತೆ ಅಂತ ಮೊದಲೇ ಗೊತ್ತಿರುವಾಗ "ದಾಖಲೆ ಮಳೆ" ಅಂತ ನೆಪ ಹೇಳೋಕೆ ಆಗಲ್ಲ ಅಲ್ವಾ? ನಾನು ಅದನ್ನೇ ಹೇಳ್ತಿರೋದು. ಗೊತ್ತಿದ್ದೂ ಹಳೇ ಅಳತೆಯ ಚರಂಡಿ ಕಟ್ಟಿದರೆ ಅದು ಅಧಿಕಾರಿಗಳ ತಪ್ಪೇ.

ಶ್ರೀಮಂತ ದೇಶದವರು ಜಾಸ್ತಿ ತುಂಬಿಸಿದರು, ಜಾಸ್ತಿ ಅವರೇ ಕಡಿಮೆ ಮಾಡಬೇಕು, ದುಡ್ಡೂ ಕೊಡಬೇಕು. ಇದರಲ್ಲಿ ಜಗಳ ಇಲ್ಲ. ಆದರೆ ಏಟು ಬೀಳೋದು ನಮಗೆ. ಅವರು ಮಾಡಲಿ ಅಂತ ಕಾದು ಕೂತರೆ ನಷ್ಟ ಅವರಿಗಲ್ಲ. 2 ಟನ್ ಸರಾಸರಿ ಅನ್ನೋದರ ಹಿಂದೆ ಬಹಳ ಜನ ಬಚ್ಚಿಟ್ಟುಕೊಳ್ತಾರೆ, ಅದನ್ನೂ ಹೇಳಬೇಕು. ಎರಡು ಕಾರು, ವರ್ಷಕ್ಕೊಮ್ಮೆ ವಿದೇಶ ಪ್ರವಾಸ, ಮನೆ ತುಂಬ ಎ.ಸಿ. ಇರೋ ಸರ್ಜಾಪುರ ರಸ್ತೆಯ ವಿಲ್ಲಾದವನೂ, ಕೂಲಿಗೆ ಬಂದು ಶೀಟ್ ಮನೆಯಲ್ಲಿ ಇರೋ ರಾಯಚೂರಿನವನೂ ಅದೇ ಸರಾಸರಿಯಲ್ಲಿ ಸೇರಿಹೋಗ್ತಾರೆ.

ಸೊಪ್ಪಮ್ಮನ ಮಗಳು

ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ. ಶೀಟ್ ಮನೆ ಅಂದಿದ್ದಕ್ಕೆ ಬರೀತಿದ್ದೇನೆ.

ನಮ್ಮಮ್ಮ ಸೊಪ್ಪು ಮಾರುತ್ತಾರೆ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ ದಂಟು, ಮೆಂತ್ಯ, ಸಬ್ಬಸಿಗೆ ತಂದು ರಸ್ತೆ ಪಕ್ಕ ಕೂರ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆ ದಾಟಿದರೆ ಸಬ್ಬಸಿಗೆ ತಲೆ ಬಾಗಿಸಿಬಿಡುತ್ತೆ. ನೀರು ಚಿಮುಕಿಸ್ತಾ ಇರಬೇಕು, ಆ ನೀರನ್ನೂ ಬಿಂದಿಗೆಯಲ್ಲಿ ಹೊತ್ತು ತರಬೇಕು. ಬಾಡಿದ ಕಟ್ಟು ಅರ್ಧ ಬೆಲೆಗೂ ಹೋಗಲ್ಲ. ದನಕ್ಕೆ ಹಾಕೋದು.

ಅವರು ಕೂರೋ ಕಡೆ ಒಂದು ಹೊಂಗೆ ಮರ ಇತ್ತು. ರಸ್ತೆ ಅಗಲ ಮಾಡುವಾಗ ತೆಗೆದರು. ಬದಲಿಗೆ ಎಲ್ಲೋ ಹತ್ತು ಗಿಡ ನೆಡ್ತೀವಿ ಅಂದರು. ಎಲ್ಲೋ ನೆಟ್ಟ ಗಿಡ ಅಮ್ಮನಿಗೆ ನೆರಳು ಕೊಡುತ್ತಾ? ಈಗ ಒಂದು ಛತ್ರಿ ಕಟ್ಟಿಕೊಂಡು ಕೂರ್ತಾರೆ, ಟಾರು ರಸ್ತೆಯ ಬಿಸಿ ಕೆಳಗಿಂದ ಹೊಡೆಯುತ್ತೆ. ಸಂಜೆ ಮನೆಗೆ ಬಂದರೆ ಶೀಟು ಕಾದು ಕೂತಿರುತ್ತೆ. ರಾತ್ರಿ ಹನ್ನೊಂದಾದರೂ ಒಳಗೆ ಮಲಗೋಕೆ ಆಗಲ್ಲ. ಮೊದಲು ಬೆಂಗಳೂರಲ್ಲಿ ಹಗಲು ಎಷ್ಟೇ ಬಿಸಿಲಿದ್ದರೂ ರಾತ್ರಿ ತಂಪಾಗ್ತಿತ್ತು, ನಮ್ಮಂಥವರು ಬದುಕಿದ್ದೇ ಅದರಿಂದ.

ಹೋದ ಬೇಸಿಗೆಗೆ ಶೀಟಿನ ಮೇಲೆ ಬಿಳಿ ಬಣ್ಣ ಹೊಡೆಸಿದ್ವಿ, ಬಿಸಿಲನ್ನು ವಾಪಸ್ ಎಸೆಯೋ ಥರದ್ದು. ಒಳಗೆ ಕೂತರೆ ವ್ಯತ್ಯಾಸ ಗೊತ್ತಾಗುತ್ತೆ. ಬೀದಿಗೆ ನಾಲ್ಕು ಮನೆ ಹೊಡೆಸಿಕೊಂಡರು, ಉಳಿದವರು ಬಾಡಿಗೆ ಮನೆ ನಾವ್ಯಾಕೆ ಖರ್ಚು ಮಾಡಬೇಕು ಅಂದರು, ಓನರ್ ನಾನ್ಯಾಕೆ ಮಾಡಿಸಲಿ ಅಂದ. ಅರ್ಜೆಂಟ್ ಇದೆಯಾ ಅಂತ ಕೇಳಿದಿರಲ್ಲ ಅಣ್ಣ. ನಮಗೆ 2030, 2070 ಎಲ್ಲ ದೂರದ ಮಾತು. ಬರೋ ಮಾರ್ಚ್ ಒಳಗೆ ನೆರಳು ಬೇಕು, ಮಾರ್ಕೆಟ್ ಹತ್ತಿರ ಕುಡಿಯೋ ನೀರು ಬೇಕು. ಪೌರಕಾರ್ಮಿಕರಿಗೂ ಡೆಲಿವರಿ ಹುಡುಗರಿಗೂ ಮಧ್ಯಾಹ್ನ ಎರಡು ಗಂಟೆ ಕಾಲ ಬಿಡುವು ಬೇಕು.

ಸುಮ್ನೆ ಕೇಳ್ದೆ

ಇದು ಮಾತು ಅಂದ್ರೆ. ವಾರ್ಡ್ ಸಭೆಯಲ್ಲಿ ಇದನ್ನು ಹೇಳಿದರೆ ನಾನೂ ಬಂದು ಕೂರ್ತೀನಿ.

ರಸಮಟ್ಟ

ಗಿರಿನಗರದವರೇ, ನಾನು ಸಿವಿಲ್ ಎಂಜಿನಿಯರ್, ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ. ಉಳಿದವರ ಅವಸರ ಏನೇ ಇರಲಿ, ನಿಮ್ಮದು ಬೇರೆ ಥರ. ಮನೆ ಒಂದು ಸಲ ಕಟ್ಟಿದರೆ ಐವತ್ತು ವರ್ಷ. ಪ್ಲಾನ್ ಪೇಪರ್ ಮೇಲೆ ಇರುವಾಗ ಕಿಟಕಿ ಆ ಕಡೆಯಿಂದ ಈ ಕಡೆ ಸರಿಸೋಕೆ ಒಂದು ರೂಪಾಯಿ ಖರ್ಚಿಲ್ಲ. ಗೋಡೆ ಎದ್ದ ಮೇಲೆ ಒಡೆಯಬೇಕು.

ಎಲ್ಲಕ್ಕಿಂತ ಮೊದಲು ಮಳೆ ನೀರು. 30-40ರಲ್ಲಿ ಹೊಸದಾಗಿ ಕಟ್ಟುವವರಿಗೆ 2009ರ ಕಾನೂನಿನ ಪ್ರಕಾರ ಇದು ಕಡ್ಡಾಯ. ಬಹಳ ಜನ ಕನೆಕ್ಷನ್ ಸಿಗಲಿ ಅಂತ ಒಂದು ಪೈಪು, ಒಂದು ಗುಂಡಿ ತೋರಿಸಿ ಕೈತೊಳೆದುಕೊಳ್ತಾರೆ. ಹಾಗೆ ಮಾಡಬೇಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಮಹಡಿ 900 ಚದರಡಿ ಅಂತ ಇಟ್ಟುಕೊಂಡರೆ ಸುಮಾರು 83 ಚದರ ಮೀಟರ್. ಬೆಂಗಳೂರಲ್ಲಿ ವರ್ಷಕ್ಕೆ 970 ಮಿ.ಮೀ. ಹತ್ತಿರ ಬೀಳುತ್ತೆ. ಆವಿಯಾಗಿದ್ದು, ತೊಳೆದು ಬಿಟ್ಟಿದ್ದು ಕಳೆದರೂ 65,000 ಲೀಟರ್ ಸಿಗುತ್ತೆ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ನಾಲ್ಕು ಜನಕ್ಕೆ ನಾಲ್ಕು ತಿಂಗಳ ನೀರು. ಅಷ್ಟನ್ನೂ ಹಿಡಿದಿಡೋಕೆ ಆಗಲ್ಲ ಅನ್ನೋದು ಬೇರೆ ಮಾತು. ಕೋಡಿಹಳ್ಳ ಅವರು ಹೇಳಿದ ಆ ಜೂನ್ 2ರ ಮಳೆ ಇದೇ ಮಹಡಿ ಮೇಲೆ ಬಿದ್ದಿದ್ದರೆ ಒಂದೇ ದಿನಕ್ಕೆ 9,000 ಲೀಟರ್ ದಾಟುತ್ತಿತ್ತು. ಅದಕ್ಕೇ ಸಂಪ್ ಸಣ್ಣದು ಮಾಡಿಸಬೇಡಿ, ಸಾಧ್ಯವಾದರೆ 10,000 ಲೀಟರ್‌ದು ಮಾಡಿಸಿ. ತುಂಬಿ ಹರಿದಿದ್ದು ಇಂಗುಗುಂಡಿಗೆ ಹೋಗಲಿ, ರಸ್ತೆಗೆ ಬೇಡ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡೋ ವಾಲ್ವ್ ಇರಲೇಬೇಕು.

ಆಮೇಲೆ ಸೆಕೆ. ಪಶ್ಚಿಮದ ಗೋಡೆಗೆ ದೊಡ್ಡ ಗಾಜು ಬೇಡ. ಈಗಿನ ಡಿಸೈನ್‌ನವರಿಗೆ ಸಜ್ಜಾ ಅಂದ್ರೆ ಅಲರ್ಜಿ, ನೀವು ಹಠ ಹಿಡಿದು ಎರಡು ಅಡಿ ಹಾಕಿಸಿ. ಬಚ್ಚಲು, ಮೆಟ್ಟಿಲು, ವಾರ್ಡ್‌ರೋಬ್ ಎಲ್ಲ ಪಶ್ಚಿಮಕ್ಕೆ ತಳ್ಳಿದರೆ ಮಲಗೋ ಕೋಣೆ ತಂಪಿರುತ್ತೆ. ಮಹಡಿಗೆ ಚೈನಾ ಮೊಸಾಯಿಕ್ (ಬಿಳಿ ಟೈಲ್ಸ್ ಚೂರು ಹಾಕೋದು) ಅಥವಾ ಬಿಳಿ ಬಣ್ಣ. ಇಷ್ಟು ಮಾಡಿದರೆ ಎ.ಸಿ. ಒಂದೇ ರೂಮಿಗೆ ಸಾಕು, ಅದೂ ಏಪ್ರಿಲ್‌ನಲ್ಲಿ. ಪಾಯಿಂಟ್ ಮಾತ್ರ ಕೊಟ್ಟಿಡಿ, ತಪ್ಪಿಲ್ಲ. ಅಪ್ಪ ಅಮ್ಮನಿಗೆ ವಯಸ್ಸಾದ ಮೇಲೆ ಬೇಕಾಗಬಹುದು.

ಕಾರ್ಬನ್ ಎಲ್ಲಿ ಬಂತು ಅಂದಿರಲ್ಲ, ನಿಮ್ಮ ಮನೆಯಲ್ಲಿ ಅದು ಮೊದಲು ಬರೋದು ಸಿಮೆಂಟ್ ಮೂಟೆಯಲ್ಲಿ. ಪ್ರಪಂಚದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇ 7-8ರಷ್ಟು ಸಿಮೆಂಟ್ ಕಾರ್ಖಾನೆಗಳದ್ದೇ. ಗೂಡು ಸುಡೋಕೆ ಕಲ್ಲಿದ್ದಲು ಬೇಕು, ಅದು ಸಾಲದು ಅಂತ ಸುಣ್ಣದ ಕಲ್ಲು ಕಾದಾಗ ಅದರೊಳಗಿಂದಲೇ ಅನಿಲ ಬರುತ್ತೆ. ಹಾಗಂತ ಸಿಮೆಂಟ್ ಬಿಟ್ಟು ಕಟ್ಟಿ ಅಂತಲ್ಲ. ಬೇಡದ ಕಡೆ ಸುರಿಯಬೇಡಿ. ಗೋಡೆಗೆ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ ಸಿಗುತ್ತೆ. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನವರೇ, ಅಂದರೆ ಐಐಎಸ್ಸಿಯವರೇ, ಎಪ್ಪತ್ತರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಸುಡೋ ಕೆಲಸ ಇಲ್ಲ. ಗೊತ್ತಿರೋ ಮೇಸ್ತ್ರಿ ಸಿಕ್ಕರೆ ಮಾತ್ರ ಕೈ ಹಾಕಿ, ಇಲ್ಲದಿದ್ದರೆ ಗೋಡೆಯ ಕೆಳಭಾಗಕ್ಕೆ ತೇವ ಏರಿ ತಲೆನೋವಾಗುತ್ತೆ.

ಗಿರಿನಗರ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಸಿಮೆಂಟ್ ವಿಷಯ ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ. ಸೊಪ್ಪಮ್ಮನ ಮಗಳು, ನಿಮ್ಮ ಪೋಸ್ಟನ್ನು ಅಪ್ಪನಿಗೆ ಓದಿ ಹೇಳಿದೆ. ಅಮ್ಮನವರು ಎಲ್ಲಿ ಕೂರ್ತಾರೆ, ನಮ್ಮ ಕಡೆಯಾದರೆ ಅಲ್ಲೇ ತಗೊಳ್ಳೋಣ ಅಂದರು.

@ರಸಮಟ್ಟ, ಸೋಲಾರ್ ಬಗ್ಗೆ ನೀವು ಏನೂ ಹೇಳಲಿಲ್ಲ. ನಮ್ಮದು ತಿಂಗಳಿಗೆ 200 ಯೂನಿಟ್ ಒಳಗೇ ಇರುತ್ತೆ, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಸೊನ್ನೆ ಬಿಲ್ಲಿಗೆ ಯಾರಾದರೂ ಪ್ಯಾನೆಲ್ ಹಾಕಿಸ್ತಾರಾ? ಅಲ್ಲದೆ ನಮ್ಮಮ್ಮನದು ಒಂದೇ ಪ್ರಶ್ನೆ, ಮಹಡಿ ತುಂಬ ಪ್ಯಾನೆಲ್ ಹಾಕಿದರೆ ಸಂಡಿಗೆ, ಹಪ್ಪಳ ಎಲ್ಲಿ ಒಣಗಿಸಲಿ ಅಂತ.

ರಸಮಟ್ಟ

ಬೇಕಂತಲೇ ಬಿಟ್ಟಿದ್ದೆ, ನೀವು ಕೇಳಿದ ಇದೇ ಕಾರಣಕ್ಕೆ. ಬಿಲ್ ಸೊನ್ನೆ ಇರುವವರಿಗೆ ದುಡ್ಡಿನ ಲೆಕ್ಕದಲ್ಲಿ ಸೋಲಾರ್ ಒಪ್ಪಿಸೋದು ಕಷ್ಟ, ಸುಳ್ಳು ಹೇಳಲ್ಲ. ಬಡವರ ಮನೆಗೆ ಗೃಹಜ್ಯೋತಿ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಂತ ಮಹಡಿ ಇರುವವರು ಪ್ಯಾನೆಲ್ ಹಾಕೋ ಆಸೆ ಅದರಿಂದ ಕಡಿಮೆಯಾಗಿದೆ ಅಂತ ನನಗನ್ನಿಸುತ್ತೆ.

ಇವತ್ತು ಬಿಲ್ ಸೊನ್ನೆ ಇರಬಹುದು. ಹೊಸ ಮನೆಯಲ್ಲಿ ಎ.ಸಿ., ಮುಂದೆ ಎಲೆಕ್ಟ್ರಿಕ್ ಸ್ಕೂಟರ್, ಮಹಡಿ ಮೇಲೊಂದು ಬಾಡಿಗೆ ಮನೆ ಬಂದರೆ 200 ದಾಟುತ್ತೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಅಷ್ಟರಲ್ಲಿ ದಿನಕ್ಕೆ ಸರಾಸರಿ 12 ಯೂನಿಟ್ ಬರುತ್ತೆ. ಗ್ರಿಡ್ ಕರೆಂಟಿನಲ್ಲಿ ಒಂದು ಯೂನಿಟ್‌ಗೆ ದೇಶದ ಸರಾಸರಿ 700 ಗ್ರಾಂ ಕಾರ್ಬನ್ ಡೈಆಕ್ಸೈಡ್ ಅಂತ ಹಿಡಿದರೂ ವರ್ಷಕ್ಕೆ 3 ಟನ್ ಉಳಿತಾಯ. ನೀವು ಹೇಳಿದ ಆ ತಲಾ 2 ಟನ್ ಪಕ್ಕ ಇಟ್ಟು ನೋಡಿ. ಈಗ ಹಾಕಿಸದಿದ್ದರೂ ಪರವಾಗಿಲ್ಲ, ಮಹಡಿಯಿಂದ ಮೀಟರ್ ಬೋರ್ಡ್‌ವರೆಗೆ ಒಂದು ಖಾಲಿ ಪೈಪ್ ಗೋಡೆಯೊಳಗೆ ಬಿಟ್ಟಿಡಿ.

ಸಂಡಿಗೆಗೆ ಉಪಾಯ ಇದೆ. ಪ್ಯಾನೆಲ್ ನೆಲಕ್ಕೆ ಅಂಟಿಸಬೇಡಿ, ಎಂಟು ಅಡಿ ಎತ್ತರಕ್ಕೆ ಕಬ್ಬಿಣದ ಸ್ಟ್ರಕ್ಚರ್ ಹಾಕಿಸಿ, ದಕ್ಷಿಣಕ್ಕೆ 10ರಿಂದ 15 ಡಿಗ್ರಿ ಓರೆ ಸಾಕು. ಕೆಳಗೆ ಓಡಾಡಬಹುದು, ಬಟ್ಟೆ ಒಣಗಿಸಬಹುದು, ಸ್ಲ್ಯಾಬಿಗೆ ನೆರಳೂ ಆಗುತ್ತೆ. 3 ಕಿಲೋವ್ಯಾಟ್‌ಗೆ ಮುನ್ನೂರು ಚದರಡಿ ಹೋಗುತ್ತೆ, ಉಳಿದದ್ದೆಲ್ಲ ಅಮ್ಮನದು. ಆಂಕರ್ ಬೋಲ್ಟನ್ನು ಸ್ಲ್ಯಾಬ್ ಹಾಕುವಾಗಲೇ ಕೂರಿಸಿ, ಆಮೇಲೆ ಡ್ರಿಲ್ ಮಾಡಿದರೆ ಸೋರುತ್ತೆ. ಮೇ ತಿಂಗಳ ಗಾಳಿ ಮಳೆಗೆ ತಡೆಯೋ ಹಾಗೆ ಇರಬೇಕು, ಅದಕ್ಕೆ ಕಬ್ಬಿಣದಲ್ಲಿ ಚೌಕಾಸಿ ಬೇಡ.

ಸುಮ್ನೆ ಕೇಳ್ದೆ

ನೆರಳಲ್ಲಿ ಸಂಡಿಗೆ ಒಣಗಲ್ಲ ಸಾರ್, ಬಿಸಿಲಿನ ಭಾಗ ಪೂರ್ವಕ್ಕೆ ಬರೋ ಹಾಗೆ ಬಿಡಿ. ಮತ್ತೆ ಆ ಬಿಳಿ ಬಣ್ಣ ಚದರಡಿಗೆ ಎಷ್ಟು ಬಿತ್ತು? ಸೊಪ್ಪಮ್ಮನ ಮಗಳು, ಇದ್ದರೆ ಹೇಳಿ. ನಮ್ಮ ಗ್ಯಾರೇಜ್ ಶೀಟಿಗೆ ಹೊಡೆಸಬೇಕು, ಹುಡುಗರು ಮಧ್ಯಾಹ್ನ ಒಳಗೆ ಕೆಲಸ ಮಾಡೋಕೆ ಆಗ್ತಿಲ್ಲ ಅಂತಾರೆ.